ಸಿಬಿಲ್ ಕೂಡ ಒಂದು ಪಹಣಿಯೇ

ಕೋಲಾರ ಜಿಲ್ಲೆಯ ರೈತನಿಗೆ ಪಹಣಿ ಓದುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಳೆ ಕೈಗೆ ಬಂದ ಕೂಡಲೇ ಕಣ್ಣು ಮೊದಲು 9ನೇ ಕಾಲಂಗೆ ಹೋಗುತ್ತದೆ, ಹೆಸರು ಸರಿಯಾಗಿದೆಯಾ ಎಂದು. ಆಮೇಲೆ 11ಕ್ಕೆ, ಯಾವ ಬ್ಯಾಂಕಿನ ಋಣ ಇನ್ನೂ ಕೂತಿದೆ ಎಂದು. ಸಾಲ ತೀರಿಸಿದ ಮೇಲೂ ಋಣ ಹೋಗಿಲ್ಲವೆಂದರೆ ಬ್ಯಾಂಕಿನಿಂದ ಪತ್ರ ತಂದು ತಾಲ್ಲೂಕು ಕಚೇರಿಗೆ ಅಲೆದು ತೆಗೆಸುತ್ತಾನೆ. ಬೈದುಕೊಂಡೇ ಅಲೆಯುತ್ತಾನೆ, ಆದರೆ ತೆಗೆಸದೆ ಬಿಡುವುದಿಲ್ಲ. ಅದೇ ಮನುಷ್ಯ, ‘ನಿಮ್ಮ ಸಿಬಿಲ್ ಬರ್ತಿಲ್ಲ’ ಎಂದು ಬ್ಯಾಂಕಿನವರು ಅಂದರೆ ಮರುಮಾತಿಲ್ಲದೆ ಎದ್ದು ಬರುತ್ತಾನೆ. ‘ಸಿಬಿಲ್ ಹೊಡೆದೋಗೈತೆ ಕಣಣ್ಣ’ ಎಂದು ಊರಲ್ಲಿ ಹೇಳುವಾಗ ಜಾತಕದಲ್ಲಿ ಶನಿ ಕೂತಿದ್ದಾನೆ ಅನ್ನುವ ಧಾಟಿಯೇ ಇರುತ್ತದೆ.

ಸಿಬಿಲ್ ಹಾಳೆ ತೆಗೆಸಿ ನೋಡಿದೆಯಾ ಅಂದರೆ, ಇಲ್ಲ.

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ, ಮಾಲೂರಿನ ಕಾರ್ಖಾನೆ ಗೇಟಿನಲ್ಲಿ, ಮುಳಬಾಗಿಲಿನ ದೋಸೆ ಹೋಟೆಲಿನಲ್ಲಿ ಸಿಬಿಲ್ ಬಗ್ಗೆ ಕೇಳಿಬರುವ ಮಾತುಗಳಲ್ಲಿ ಅರ್ಧಕ್ಕರ್ಧ ತಪ್ಪು. ಒಂದೊಂದನ್ನೇ ಹಿಡಿದು ನೋಡೋಣ.

‘ಸಿಬಿಲ್ ಅಂದರೆ ಸರ್ಕಾರದ್ದು, ಅವರು ಕೊಡಬೇಡಿ ಅಂದರೆ ಬ್ಯಾಂಕು ಕೊಡೋ ಹಾಗಿಲ್ಲ’

ಸಿಬಿಲ್ ಒಂದು ಖಾಸಗಿ ಕಂಪನಿ. 2000ದಲ್ಲಿ ಶುರುವಾಯಿತು, ಈಗ ಅದರ ಪೂರ್ತಿ ಹೆಸರು ಟ್ರಾನ್ಸ್‌ಯೂನಿಯನ್ ಸಿಬಿಲ್. ಇದೇ ಕೆಲಸ ಮಾಡುವ ಇನ್ನೂ ಮೂರು ಕಂಪನಿಗಳಿವೆ: ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ವನಸ್ಪತಿಗೆಲ್ಲ ಡಾಲ್ಡಾ ಅಂದಹಾಗೆ ನಾವು ನಾಲ್ಕಕ್ಕೂ ಸಿಬಿಲ್ ಅನ್ನುತ್ತೇವೆ. 2005ರ ಕಾಯ್ದೆಯೊಂದರ ಅಡಿಯಲ್ಲಿ, ರಿಸರ್ವ್ ಬ್ಯಾಂಕಿನ ಅನುಮತಿ ಪಡೆದು ನಡೆಯುವ ಕಂಪನಿಗಳಿವು. ಸಾಲ ಕೊಡಿ, ಬಿಡಿ ಎಂದು ಹೇಳುವ ಅಧಿಕಾರ ಇವಕ್ಕಿಲ್ಲ. ಬ್ಯಾಂಕುಗಳು ಕಳಿಸಿದ ಲೆಕ್ಕವನ್ನು ಬರೆದಿಟ್ಟುಕೊಂಡು, ಅದರ ಮೇಲೆ 300ರಿಂದ 900ರ ನಡುವೆ ಒಂದು ಅಂಕ ಕೊಡುತ್ತವೆ, ಅಷ್ಟೆ. ಇಷ್ಟು ಅಂಕ ಇರಲೇಬೇಕು ಎಂದು ರಿಸರ್ವ್ ಬ್ಯಾಂಕೂ ನಿಗದಿ ಮಾಡಿಲ್ಲ. ಎಷ್ಟಿದ್ದರೆ ಕೊಡಬೇಕು ಅನ್ನುವುದು ಆಯಾ ಬ್ಯಾಂಕಿನ ತೀರ್ಮಾನ. ಸಾಲವನ್ನೇ ಮಾಡದವನಿಗೆ ಹಳೆಯ ಲೆಕ್ಕ ಇರುವುದಿಲ್ಲವಲ್ಲ. ಆ ಒಂದೇ ಕಾರಣಕ್ಕೆ ಮೊದಲ ಸಾಲದ ಅರ್ಜಿಯನ್ನು ತಳ್ಳಿಹಾಕಬಾರದು ಎಂದೂ ಹೇಳಲಾಗಿದೆ.

‘ಸಂಘದ ಸಾಲ ಸಂಘದ್ದು, ನನ್ನ ಹೆಸರಲ್ಲಿ ಏನೂ ಇಲ್ಲ’

ಈ ಮಾತಿಗೆ ಕೋಲಾರದಲ್ಲಿ ಒಂದು ಚರಿತ್ರೆಯೇ ಇದೆ. 2009ರಲ್ಲಿ ಕೋಲಾರ ಪಟ್ಟಣದ ಹೆಸರು ದೇಶದ ಮೈಕ್ರೋಫೈನಾನ್ಸ್ ವಲಯದಲ್ಲೆಲ್ಲ ಓಡಾಡಿತು. ರೇಷ್ಮೆ ಕಸುಬು ಕುಸಿದಿತ್ತು. ಒಂದೇ ಬೀದಿಯಲ್ಲಿ ನಾಲ್ಕಾರು ಕಂಪನಿಗಳು ಅದೇ ಹೆಂಗಸರಿಗೆ ಸಾಲ ಕೊಟ್ಟಿದ್ದವು. ಒಂದರ ಕಂತು ಕಟ್ಟಲು ಇನ್ನೊಂದರಲ್ಲಿ ಎತ್ತುವುದು ರೂಢಿಯಾಗಿತ್ತು. ಕೊನೆಗೆ ಸ್ಥಳೀಯ ಮುಸ್ಲಿಂ ಸಮುದಾಯದ ಸಂಸ್ಥೆ ಅಂಜುಮನ್ ಮಧ್ಯೆ ಬಂದು, ಈ ಕಂಪನಿಗಳಿಗೆ ಕಂತು ಕಟ್ಟಬೇಡಿ ಎಂದು ಹೇಳಿತು. ರಾಮನಗರ, ಮೈಸೂರಿನಲ್ಲೂ ಅದೇ ಆಯಿತು. ಒಬ್ಬಾಕೆಯ ತಲೆಯ ಮೇಲೆ ಒಟ್ಟು ಎಷ್ಟು ಸಾಲ ಇದೆ ಎಂದು ಕೊಟ್ಟವರಿಗೂ ಗೊತ್ತಿರಲಿಲ್ಲ, ಏಕೆಂದರೆ ಈ ಚಿಕ್ಕ ಸಾಲಗಳು ಆಗ ಯಾವ ದಾಖಲೆಗೂ ಸೇರುತ್ತಿರಲಿಲ್ಲ.

ಆ ಕಾಲ ಮುಗಿದು ಬಹಳ ದಿನವಾಯಿತು. ಮರುವರ್ಷ ಆಂಧ್ರದಲ್ಲಿ ಇನ್ನೂ ದೊಡ್ಡ ಬಿಕ್ಕಟ್ಟು ಎದ್ದ ಮೇಲೆ ಮೈಕ್ರೋಫೈನಾನ್ಸ್ ಕಂತುಗಳೂ ದಾಖಲಾಗತೊಡಗಿದವು. 2016ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು, ಸ್ವಸಹಾಯ ಸಂಘಗಳ ಸಾಲದಲ್ಲೂ ಒಬ್ಬೊಬ್ಬ ಸದಸ್ಯೆಯ ಲೆಕ್ಕ ಕಳಿಸಿ ಎಂದು ಬ್ಯಾಂಕುಗಳಿಗೆ ಹೇಳಿತು. 2022ರ ಏಪ್ರಿಲ್‌ನಿಂದ ಮೈಕ್ರೋಫೈನಾನ್ಸ್ ಸಾಲಕ್ಕೆ ಇನ್ನೊಂದು ಕಟ್ಟುಪಾಡು ಬಂದಿದೆ: ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಮನೆಯ ಎಲ್ಲ ಸಾಲಗಳ ಕಂತೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಮನೆಯ ಎಲ್ಲರದ್ದೂ, ಅಂದರೆ ಗಂಡನ ಬೈಕಿನ ಕಂತೂ ಹೆಂಡತಿಯ ಸಂಘದ ಲೆಕ್ಕಕ್ಕೆ ಬರುತ್ತದೆ.

ಸಿಬಿಲ್ ಹಾಳೆಯಲ್ಲಿ ‘ಯಾಕೆ ಕಟ್ಟಲಿಲ್ಲ’ ಎಂಬ ಕಾಲಂ ಇಲ್ಲ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಇದೇ ಜಿಲ್ಲೆಯಲ್ಲಿ ಕೀಳುವ ಕೂಲಿಯೂ ಗಿಟ್ಟದೆ ಹಣ್ಣನ್ನು ರಸ್ತೆಬದಿಗೆ ಸುರಿದ ವರ್ಷಗಳೂ ಇವೆ. ಬೆಲೆ ಹೀಗೆ ಏರಿಳಿದರೂ ಕಂತು ಮಾತ್ರ ವಾರವಾರ ಬರುತ್ತದೆ. ತಪ್ಪಿದ್ದು ತಪ್ಪಿತು ಎಂದಷ್ಟೇ ಅಲ್ಲಿ ಬರೆಯುತ್ತಾರೆ. ಇದು ನ್ಯಾಯವೇ ಎಂದು ಕೇಳಿದರೆ, ನನ್ನ ಮಟ್ಟಿಗೆ ಅಲ್ಲ. ಆದರೆ ಇರುವುದು ಹೀಗೆ.

ಎದುರು ಮಗ್ಗುಲೂ ನೋಡಿ. ಬಡ್ಡಿಯವನ ಹತ್ತಿರ ತಂದ ಕೈಸಾಲವನ್ನು ಚಾಚೂ ತಪ್ಪದೆ ತೀರಿಸಿದವಳ ನಿಯತ್ತು ಎಲ್ಲೂ ದಾಖಲಾಗುವುದಿಲ್ಲ.

‘ಸಾಲ ಮನ್ನಾ ಆಯ್ತಲ್ಲ, ಬ್ಯಾಂಕಿನವರೇ ರೈಟ್ ಆಫ್ ಅಂತ ಬರೆದಿದ್ದಾರೆ’

ಮನ್ನಾ ಬೇರೆ, ರೈಟ್ ಆಫ್ ಬೇರೆ. ಇವೆರಡು ಪದ ಕಲಸಿಹೋದಷ್ಟು ಇನ್ಯಾವುದೂ ನಮ್ಮ ರೈತರಿಗೆ ಕೆಡುಕು ಮಾಡಿಲ್ಲ. 2008ರಲ್ಲಿ ಕೇಂದ್ರ ಸರ್ಕಾರ ಮನ್ನಾ ಮಾಡಿತು. 2017ರಲ್ಲಿ ಸಿದ್ದರಾಮಯ್ಯನವರ ಸರ್ಕಾರ ಸಹಕಾರ ಸಂಘಗಳ ಬೆಳೆಸಾಲದಲ್ಲಿ 50,000 ರೂಪಾಯಿವರೆಗೆ ಮನ್ನಾ ಮಾಡಿತು. 2018ರಲ್ಲಿ ಕುಮಾರಸ್ವಾಮಿಯವರ ಸರ್ಕಾರ ವಾಣಿಜ್ಯ ಬ್ಯಾಂಕಿನ ಬೆಳೆಸಾಲಕ್ಕೆ 2 ಲಕ್ಷ, ಸಹಕಾರ ಸಾಲಕ್ಕೆ 1 ಲಕ್ಷದ ಮಿತಿ ಇಟ್ಟಿತು. ಮನ್ನಾ ಅಂದರೆ ನಿಮ್ಮ ಬದಲು ಸರ್ಕಾರ ಕಟ್ಟುವುದು. ರಾಜ್ಯದ ಈ ಎರಡು ಮನ್ನಾಗಳಲ್ಲಿ ಅದೂ ಬೆಳೆಸಾಲಕ್ಕೆ ಮಾತ್ರ, ಮಿತಿಯೊಳಗೆ ಮಾತ್ರ. ಮಿತಿ ಮೀರಿದ್ದನ್ನು ಕಟ್ಟದೆ ಬಿಟ್ಟಿದ್ದರೆ, ಟ್ರ್ಯಾಕ್ಟರ್ ಸಾಲವೂ ಮನ್ನಾದಲ್ಲಿ ಸೇರಿತು ಅಂದುಕೊಂಡಿದ್ದರೆ, ಆ ಬಾಕಿ ಇವತ್ತಿಗೂ ನಿಮ್ಮ ಹೆಸರಲ್ಲಿ ಬೆಳೆಯುತ್ತಿರುತ್ತದೆ.

ರೈಟ್ ಆಫ್ ಅನ್ನುವುದು ಬ್ಯಾಂಕಿನ ಒಳಗಿನ ಲೆಕ್ಕ. ಇದು ಸದ್ಯಕ್ಕೆ ಬರುವ ದುಡ್ಡಲ್ಲ ಎಂದು ಅವರು ತಮ್ಮ ಪುಸ್ತಕದಲ್ಲಿ ನಷ್ಟದ ಕಡೆಗೆ ಸರಿಸಿಕೊಳ್ಳುತ್ತಾರೆ. ನೀವು ಕೊಡಬೇಕಾದ್ದು ಹಾಗೇ ಇರುತ್ತದೆ, ವಸೂಲಿಯೂ ನಿಲ್ಲುವುದಿಲ್ಲ. ನಿಮ್ಮ ವರದಿಯಲ್ಲಿ ಇದಕ್ಕಿಂತ ಕೆಟ್ಟ ಗುರುತು ಸಿಗುವುದು ಕಷ್ಟ.

‘ಸೆಟಲ್’ ಕೂಡ ಇದರ ತಮ್ಮನೇ. ಲೋಕ ಅದಾಲತ್ತಿನಲ್ಲೋ ಬ್ಯಾಂಕಿನ ಮೇಳದಲ್ಲೋ 80,000ದ ಬಾಕಿಗೆ 45,000 ಕಟ್ಟಿ ಹಾರ ಹಾಕಿಸಿಕೊಂಡು ಬಂದಿರುತ್ತೀರಿ ಅನ್ನಿ. ವರದಿಯಲ್ಲಿ ‘ಕ್ಲೋಸ್ಡ್’ ಎಂದು ಬರುವುದಿಲ್ಲ, ‘ಸೆಟಲ್ಡ್’ ಎಂದು ಬರುತ್ತದೆ. ಪೂರ್ತಿ ಕೊಡದೆ ಕೈ ತೊಳೆದುಕೊಂಡರು ಎಂದೇ ಮುಂದಿನ ಬ್ಯಾಂಕು ಅದನ್ನು ಓದುವುದು. ಇದನ್ನು ಬದಲಿಸುವ ದಾರಿ ಒಂದೇ: ಬಿಟ್ಟ ಮೊತ್ತವನ್ನೂ ಕಟ್ಟಿ, ಬೇಬಾಕಿ ಪತ್ರ ಪಡೆದು, ಕ್ಲೋಸ್ಡ್ ಎಂದು ತಿದ್ದಿ ಕಳಿಸಿ ಎಂದು ಅದೇ ಬ್ಯಾಂಕನ್ನು ಕೇಳುವುದು. ‘7 ವರ್ಷ ಆದರೆ ತಾನಾಗೇ ಅಳಿಸಿಹೋಗುತ್ತೆ’ ಎಂದು ಕಾಯುವವರಿದ್ದಾರೆ. ಆ ನಿಯಮ ಹೇಳುವುದು, ಕಂಪನಿಗಳು ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕು ಎಂದು. ಕನಿಷ್ಠ ಅನ್ನುವ ಪದವನ್ನು ಊರಿನ ಬಾಯಿ ನುಂಗಿಬಿಟ್ಟಿದೆ.

‘ಜಾಮೀನು ತಾನೆ, ಬರೀ ಒಂದು ಸೈನು’

ಭಾವಮೈದುನನ ಸಾಲಕ್ಕೆ ಹಾಕಿದ ಸೈನು ನಿಮ್ಮ ವರದಿಯಲ್ಲಿ ‘ಗ್ಯಾರಂಟರ್’ ಎಂಬ ಹೆಸರಲ್ಲಿ ಬಂದು ಕೂರುತ್ತದೆ. ಅವನು ತಪ್ಪಿಸಿದರೆ ಪೆಟ್ಟು ನಿಮಗೂ ಬೀಳುತ್ತದೆ. ಒಡವೆ ಇಟ್ಟು ತಂದ ಸಾಲವೂ ದಾಖಲಾಗುತ್ತದೆ. ಚಿನ್ನ ಅಡವಿದೆಯಲ್ಲ, ಅದಕ್ಕೇಕೆ ಸಿಬಿಲ್ ಅನ್ನುವುದು ಚಿನ್ನದ ಜಿಲ್ಲೆಯವರ ಹಟ, ಅಷ್ಟೆ.

‘ನಾವೇ ನೋಡಿಕೊಂಡರೆ ಅಂಕ ಇಳಿಯುತ್ತೆ’

ಇಳಿಯುವುದಿಲ್ಲ. ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕು ತೆಗೆದು ನೋಡುತ್ತದಲ್ಲ, ಅದು ಲೆಕ್ಕಕ್ಕೆ ಬರುತ್ತದೆ. ನರಸಾಪುರ, ವೇಮಗಲ್ ಕಾರ್ಖಾನೆಗಳ ಹುಡುಗರು ಒಂದೇ ರಾತ್ರಿ ಐದಾರು ಸಾಲದ ಆ್ಯಪ್‌ಗಳನ್ನು ಒತ್ತಿ ನೋಡುತ್ತಾರೆ. ಅಂಕ ಇಳಿಸುವುದು ಆ ಚಟ. ನಿಮ್ಮ ಹಾಳೆಯನ್ನು ನೀವು ನೂರು ಸಲ ನೋಡಿದರೂ ಏನೂ ಆಗುವುದಿಲ್ಲ.

ಅಷ್ಟೇ ಅಲ್ಲ, ವರ್ಷಕ್ಕೆ ಒಂದು ಸಲ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಲೇಬೇಕು. 2017ರಿಂದ ಈ ನಿಯಮ ಇದೆ. ನಾಲ್ಕೂ ಕಂಪನಿಗಳಿಗೆ ಬೇರೆ ಬೇರೆಯಾಗಿ ಅನ್ವಯಿಸುವುದರಿಂದ ವರ್ಷಕ್ಕೆ ನಾಲ್ಕು ವರದಿ ಸಿಕ್ಕ ಹಾಗಾಯಿತು. ಪ್ಯಾನ್ ಸಂಖ್ಯೆ, ಹುಟ್ಟಿದ ದಿನಾಂಕ, ಬ್ಯಾಂಕಿಗೆ ಕೊಟ್ಟ ಮೊಬೈಲಿಗೆ ಬರುವ ಒಟಿಪಿ ಇದ್ದರೆ ಕಂಪನಿಯ ವೆಬ್‌ಸೈಟಿನಲ್ಲೇ ತೆಗೆಯಬಹುದು. ವರದಿ ಇಂಗ್ಲಿಷಿನಲ್ಲಿರುತ್ತದೆ. ಮನೆಯಲ್ಲಿ ಓದುವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ನನ್ನದನ್ನು ಮೊದಲ ಸಲ ತೆಗೆದಾಗ ಆದದ್ದನ್ನು ಹೇಳುತ್ತೇನೆ. ಬೈಕಿನ ಸಾಲದ ಕೊನೆಯ ಕಂತು ಕಟ್ಟಿ, ಆ ವಿಷಯವನ್ನೇ ಮರೆತಿದ್ದೆ. ವರದಿಯಲ್ಲಿ ಪ್ರತಿ ಸಾಲದ ಕೆಳಗೂ ತಿಂಗಳಿಗೊಂದು ಪುಟ್ಟ ಚೌಕ ಇರುತ್ತದೆ, ಕಂತು ಎಷ್ಟು ದಿನ ತಡವಾಯಿತು ಎಂದು ಬರೆಯಲು. 000 ಎಂದಿದ್ದರೆ ತಡವಿಲ್ಲ. ಎಕ್ಸ್ ಎಕ್ಸ್ ಎಕ್ಸ್ ಎಂದಿದ್ದರೆ ಆ ತಿಂಗಳ ಲೆಕ್ಕ ಬಂದಿಲ್ಲ. ನನ್ನ ಬೈಕಿನ ಸಾಲು 000, 000 ಎಂದು ಚೆನ್ನಾಗಿಯೇ ಬಂದು, ಕೊನೆಯಲ್ಲಿ 030, 061, 091 ಎಂದು ಮೀಟರಿನಂತೆ ಏರುತ್ತಾ ಹೋಗಿತ್ತು. ಬಾಕಿ ಎಷ್ಟು ಗೊತ್ತೇ? 590 ರೂಪಾಯಿ. ಎಂದೋ ಒಂದು ಸಲ ಖಾತೆಯಲ್ಲಿ ದುಡ್ಡಿಲ್ಲದೆ ಕಂತು ವಾಪಸಾದದ್ದಕ್ಕೆ ಹಾಕಿದ ದಂಡ 500, ಅದರ ಮೇಲೆ ಜಿಎಸ್‌ಟಿ 90. ಒಂದು ಫೋನು, ಒಂದು ಕಾಗದ ಇಲ್ಲ. ಹೋಗಿ ಕಟ್ಟಿ ಬೇಬಾಕಿ ಪತ್ರ ತೆಗೆದುಕೊಂಡೆ. ಖಾತೆ ಮುಚ್ಚಿತು, ಆದರೆ ಆ ಏರಿದ ಚೌಕಗಳು ಉಳಿದವು. ದಂಡ ಸುಳ್ಳಾಗಿರಲಿಲ್ಲವಲ್ಲ.

‘ನಾನು ಎಲ್ಲಾ ಕಟ್ಟಿದ್ದೀನಿ, ನನ್ನದರಲ್ಲಿ ತಪ್ಪು ಹೇಗೆ ಬರುತ್ತೆ?’

ನಮ್ಮ ಹೆಸರುಗಳಿಂದಲೇ ಬರುತ್ತದೆ. ಕೋಲಾರ ಸೀಮೆಯಲ್ಲಿ ‘ಮುನಿಯಪ್ಪಾ’ ಎಂದು ಕೂಗಿದರೆ ಸಂತೆಯಲ್ಲಿ ಹತ್ತು ಜನ ತಿರುಗುತ್ತಾರೆ. ನಾರಾಯಣಸ್ವಾಮಿ, ವೆಂಕಟರಮಣಪ್ಪ, ಮುನಿರತ್ನಮ್ಮ, ಎಲ್ಲರ ಕಥೆಯೂ ಅದೇ. ಇನಿಷಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ, ಒಂದು ಕಡೆ ಇಲ್ಲವೇ ಇಲ್ಲ. ಹುಟ್ಟಿದ ದಿನ ಕೇಳಿದರೆ ಮೇಷ್ಟ್ರು ಬರೆದ ಜೂನ್ 1. ಪ್ಯಾನ್ ಇಲ್ಲದೆ ಕೊಟ್ಟ ಹಳೆಯ ಸಾಲಗಳಲ್ಲಿ ಒಬ್ಬ ಮುನಿಯಪ್ಪನ ಬಾಕಿ ಇನ್ನೊಬ್ಬ ಮುನಿಯಪ್ಪನ ಹಾಳೆಗೆ ಬಂದು ಕೂರುವುದು ಸೋಜಿಗವೇನಲ್ಲ. ಆದ್ದರಿಂದ ಸಾಲಗಳಿಗೆ ಮೊದಲು ಹೆಸರು, ವಿಳಾಸ, ಫೋನ್ ನಂಬರುಗಳ ಪಟ್ಟಿ ನೋಡಿ. ನಿಮ್ಮದಲ್ಲದ ವಿಳಾಸ ಕಂಡರೆ ಅದರ ಹಿಂದೆ ನಿಮ್ಮದಲ್ಲದ ಸಾಲವೂ ಇರಬಹುದು. ಆಮೇಲೆ ಯಾರು ಯಾರು ನಿಮ್ಮ ವರದಿ ತೆಗೆದಿದ್ದಾರೆ ಎಂಬ ಪಟ್ಟಿ. ನೀವು ಕಾಲಿಡದ ಸಂಸ್ಥೆಯ ಹೆಸರು ಅಲ್ಲಿದ್ದರೆ ನಿಮ್ಮ ಆಧಾರ್ ಜೆರಾಕ್ಸು ಎಲ್ಲೋ ಕೆಲಸ ಮಾಡುತ್ತಿದೆ ಎಂದರ್ಥ.

‘ಐದು ಸಾವಿರ ಕೊಟ್ಟರೆ ಸಿಬಿಲ್ ಕ್ಲೀನ್ ಮಾಡಿಕೊಡ್ತಾರೆ’

ನಿಜವಾದ ಬಾಕಿಯನ್ನು ಯಾರಿಗೂ ಅಳಿಸಲು ಬರುವುದಿಲ್ಲ. ತಪ್ಪು ನಮೂದನ್ನು ತಿದ್ದಿಸಲು ಒಂದು ಪೈಸೆಯೂ ಬೇಡ. ಇವೆರಡರ ನಡುವೆ ಏಜೆಂಟನಿಗೆ ಉಳಿಯುವ ಕೆಲಸ ಏನು? ನೀವೇ ತುಂಬಬಹುದಾದ ಪುಕ್ಕಟೆ ಅರ್ಜಿಯನ್ನು ತುಂಬುವುದು, ಜೊತೆಗೆ ನಿಮ್ಮ ಪ್ಯಾನು, ಆಧಾರು, ಒಟಿಪಿ ಇಟ್ಟುಕೊಳ್ಳುವುದು.

ಪಹಣಿಯ ನಂಟು ಇಲ್ಲಿ ಮತ್ತೆ ನೆನಪಾಗುತ್ತದೆ. ತಾಲ್ಲೂಕು ಕಚೇರಿ ಬ್ಯಾಂಕಿನ ಪತ್ರವಿಲ್ಲದೆ ಋಣ ತೆಗೆಯುವುದಿಲ್ಲ. ಸಿಬಿಲ್ ಕೂಡ ಸಾಲ ಕೊಟ್ಟವರು ಒಪ್ಪದೆ ಒಂದಕ್ಷರ ತಿದ್ದುವುದಿಲ್ಲ. ಹಾಗಾಗಿ ಎರಡೂ ಕಡೆ ಒಟ್ಟಿಗೆ ಬರೆಯಿರಿ: ಬ್ಯಾಂಕಿಗೆ ಒಂದು ಅರ್ಜಿ, ರಸೀದಿ ಮತ್ತು ಬೇಬಾಕಿ ಪತ್ರ ಲಗತ್ತಿಸಿ, ಕಂಪನಿಯ ವೆಬ್‌ಸೈಟಿನಲ್ಲಿ ಒಂದು ಡಿಸ್ಪ್ಯೂಟ್. ಯಾವ ಕಂಪನಿಯ ವರದಿಯಲ್ಲಿ ತಪ್ಪಿದೆಯೋ ಅಲ್ಲಿಗೇ ಹಾಕಬೇಕು. ಒಂದರಲ್ಲಿ ಸರಿಯಾದರೆ ನಾಲ್ಕರಲ್ಲೂ ಆಯಿತು ಅಂದುಕೊಳ್ಳಬೇಡಿ. ಬಾಕಿ ಕಟ್ಟಿದ ಮರುದಿನವೇ ಅಂಕ ಏರಲಿಲ್ಲ ಎಂದು ಕಂಗೆಡುವುದೂ ಬೇಡ. 2025ರ ಜನವರಿಯಿಂದ ಬ್ಯಾಂಕುಗಳು 15 ದಿನಕ್ಕೊಮ್ಮೆಯಾದರೂ ಲೆಕ್ಕ ಕಳಿಸಬೇಕು, ಮೊದಲು ಅದು ತಿಂಗಳಿಗೊಮ್ಮೆ ಇತ್ತು.

ದೂರು ತೀರಿಸಲು ಬ್ಯಾಂಕಿಗೂ ಕಂಪನಿಗೂ ಸೇರಿ ಇರುವ ಗಡುವು 30 ದಿನ. ಅದರಲ್ಲಿ 21 ದಿನದೊಳಗೆ ಬ್ಯಾಂಕು ತಿದ್ದಿದ ಲೆಕ್ಕ ಕಳಿಸಬೇಕು. ಆಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ವಿಚಾರಿಸಲು 14448ಕ್ಕೆ ಫೋನ್ ಮಾಡಬಹುದು. ಸಿಬಿಲ್‌ನಂಥ ಕಂಪನಿಗಳ ಮೇಲಿನ ದೂರನ್ನೂ 2022ರ ಸೆಪ್ಟೆಂಬರ್‌ನಿಂದ ಅಲ್ಲಿ ತೆಗೆದುಕೊಳ್ಳುತ್ತಾರೆ.

ದೂರಿನ ಸಂಖ್ಯೆ ಬಂದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. 2024ರ ಏಪ್ರಿಲ್ 26ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, 30 ದಿನ ದಾಟಿದರೆ ಆಮೇಲಿನ ಪ್ರತಿ ದಿನಕ್ಕೂ 100 ರೂಪಾಯಿಯನ್ನು, ತಡ ಮಾಡಿದ್ದು ಬ್ಯಾಂಕೋ ಕಂಪನಿಯೋ, ಅವರು ನಿಮಗೆ ಕಟ್ಟಬೇಕು.