ಅಂಗೈಯಗಲದ ಗೊಂಬೆಗೆ ಕೊಳ್ಳೇಗಾಲದ ಕೆಂಪು ಸೀರೆ

ದಸರಾ ಹತ್ತಿರ ಬಂತು ಅಂದ್ರೆ ಅಟ್ಟದ ಮೇಲಿನ ಗೊಂಬೆ ಪೆಟ್ಟಿಗೆ ಕೆಳಗಿಳಿಯುತ್ತೆ. ಹೊಸದಾಗಿ ತಂದ ಮಣ್ಣಿನ ಗೊಂಬೆಗೆ ಒಂದು ಡಬ್ಬಿ ಅಕ್ರಿಲಿಕ್ ಕೆಂಪು ಬಳಿದರೆ ಸೀರೆ ರೆಡಿ ಅಂತ ಅನೇಕರು ಅಂದುಕೊಳ್ತಾರೆ. ಒಣಗಿದ ಮೇಲೆ ನೋಡಿದರೆ ಅದು ಸೀರೆಯಲ್ಲ, ಪ್ಲಾಸ್ಟಿಕ್ ಬಕೆಟ್! ಕೊಳ್ಳೇಗಾಲ ಅಂದ್ರೆ ರೇಷ್ಮೆ ಸೀರೆ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವರ ಮನೆಯ ಗೊಂಬೆ ಬಕೆಟ್ ಉಟ್ಟು ನಿಂತರೆ ಮಗ್ಗದ ಮುಂದೆ ಕೂತವರಿಗೆ ಏನನ್ನಿಸಬೇಕು?

ಕೆಂಪು ಯಾಕೆ ಕಷ್ಟ?

ಬೆಳಕಿಗೆ ಬಿಳಿ, ನೆರಳಿಗೆ ಕಪ್ಪು ಅನ್ನೋ ಸೂತ್ರ ಇಲ್ಲಿ ನಡೆಯಲ್ಲ. ಕೆಂಪಿಗೆ ಬಿಳಿ ಸೇರಿದರೆ ಗುಲಾಬಿ, ಕಪ್ಪು ಸೇರಿದರೆ ಮಂಕು ಕಂದು. ಜೊತೆಗೆ ಎಷ್ಟೋ ಕೆಂಪು ವರ್ಣದ್ರವ್ಯಗಳು ಅರೆಪಾರದರ್ಶಕ. ಕೆಳಗಿನ ಬಣ್ಣ ಇಣುಕುತ್ತಲೇ ಇರುತ್ತೆ. ಇನ್ನೊಂದು ತೊಂದರೆ ಅಚ್ಚಿನದು. ಗೊಂಬೆಯ ನೆರಿಗೆಗಳು ಮೊಂಡು, ಆಳ ಕಡಿಮೆ. ಹಾಗಾಗಿ ನೆರಳು ತಾನಾಗಿ ಬೀಳಲ್ಲ, ನಾವೇ ಬರೀಬೇಕು.

ಮಾಡೋದು ಹೇಗೆ?

1. ಪ್ರೈಮರ್ ಮೇಲೆ ಮೊದಲು ಕಾವಿ ಕೆಂಪಿನ ಪದರ ಕೊಡಿ. ಅದರಲ್ಲಿರೋದು ಕಬ್ಬಿಣದ ಆಕ್ಸೈಡ್. ಚೆನ್ನಾಗಿ ಮುಚ್ಚುತ್ತೆ.

2. ಅದರ ಮೇಲೆ ಅಸಲಿ ಕೆಂಪು. ಹಾಲಿನಷ್ಟು ತೆಳು ಮಾಡಿ ಎರಡು ಮೂರು ಸಲ ಹಚ್ಚಿ. ಪ್ರತಿ ಪದರವೂ ಒಣಗಲಿ. ನೀರು ಆರಿದಾಗ ಅಕ್ರಿಲಿಕ್‌ನ ಪಾಲಿಮರ್ ಕಣಗಳು ಬೆಸೆದು ಪೊರೆಯಾಗುತ್ತವೆ. ಆಮೇಲೆ ಒದ್ದೆ ಕುಂಚ ತಾಗಿದರೂ ಕರಗಲ್ಲ.

3. ನೆರಿಗೆಯ ಒಳಗಿನ ನೆರಳಿಗೆ ಕೆಂಪಿಗೇ ಚೂರು ಕಡು ಹಸಿರು ಬೆರೆಸಿ. ಹಸಿರು ಕೆಂಪಿನ ಎದುರು ಬಣ್ಣ. ಕೆಂಪಿನ ಕಾವು ತಗ್ಗುತ್ತೆ, ಆದರೆ ಬೂದಿ ಬಳಿದ ಹಾಗೆ ಕಾಣಲ್ಲ.

4. ಉಬ್ಬಿದ ಕಡೆ ಕೆಂಪಿಗೆ ಕಿತ್ತಳೆ ಸೇರಿಸಿ. ತುತ್ತತುದಿಗೆ ಮಾತ್ರ ಕಿತ್ತಳೆಗೆ ಸ್ವಲ್ಪ ತಿಳಿ ಹಳದಿ.

ರೇಷ್ಮೆಯೋ, ಹತ್ತಿಯೋ?

ಇಷ್ಟಾದರೆ ಬಟ್ಟೆ ಬಂತು. ರೇಷ್ಮೆ ಬರೋದು ಈಗ. ರೇಷ್ಮೆ ಎಳೆಯನ್ನು ಅಡ್ಡ ಕತ್ತರಿಸಿ ನೋಡಿದರೆ ಹೆಚ್ಚುಕಮ್ಮಿ ತ್ರಿಕೋನ, ಮೈ ನುಣುಪು. ಬೆಳಕನ್ನು ಕನ್ನಡಿ ಥರ ಒಂದೇ ದಿಕ್ಕಿಗೆ ಚಿಮ್ಮಿಸುತ್ತೆ. ತಿರುಚಿಕೊಂಡ ಹತ್ತಿ ಎಳೆ ಎಲ್ಲಾ ಕಡೆಗೂ ಚೆದುರಿಸುತ್ತೆ. ಆದ್ದರಿಂದ ಹತ್ತಿಗೆ ಬೆಳಕು ನೆರಳು ನಿಧಾನವಾಗಿ ಬೆರೆಯಬೇಕು. ರೇಷ್ಮೆಗೆ ಕಿರಿದಾದ, ಹೊಳೆಯುವ ಗೆರೆ, ಅದರ ಪಕ್ಕದಲ್ಲೇ ಕಡು ಕೆಂಪು.

ಗಾತ್ರದ ಲೆಕ್ಕಾನೂ ಇದೆ. ಒಂದೂವರೆ ಮೀಟರ್ ಎತ್ತರದ ಹೆಂಗಸನ್ನು 15 ಸೆಂ.ಮೀ. ಗೊಂಬೆ ಮಾಡಿದರೆ ಅನುಪಾತ 1:10. 10 ಸೆಂ.ಮೀ. ಅಂಚು 1 ಸೆಂ.ಮೀ. ಆಗುತ್ತೆ, ನೂಲಂತೂ ಕಣ್ಣಿಗೇ ಬೀಳಲ್ಲ. ಹಾಗಾಗಿ ನೂಲು ಬರೆಯೋಕೆ ಹೋಗಬೇಡಿ. ಜರಿಗೆ ಚಿನ್ನದ ಪೇಂಟ್ ಬೇಕಿಲ್ಲ. ಕಂದು, ಮೇಲೆ ಸಾಸಿವೆ ಹಳದಿ, ನೆರಿಗೆಯ ಉಬ್ಬಿನಲ್ಲಿ ಬಿಳಿಹಳದಿ ಚುಕ್ಕೆ ಸಾಕು. ಅಂಚಿನ ಗೆರೆ ನೆರಿಗೆ ಮಡಿಚಿದ ಕಡೆ ಮುರಿಯಬೇಕು. ನೇರ ಎಳೆದರೆ ಸೀರೆ ಮತ್ತೆ ಬಕೆಟ್ಟೇ. ಕೊನೆಗೆ ಮೈಗೆ ಮ್ಯಾಟ್ ವಾರ್ನಿಷ್, ಸೀರೆಗೆ ಮಾತ್ರ ಸ್ಯಾಟಿನ್.

ಒಂದು ಎಚ್ಚರಿಕೆ: ಅಜ್ಜಿ ಕಾಲದ ಗೊಂಬೆಗಳ ಮೇಲೆ ಪ್ರಯೋಗ ಬೇಡ. ಮಾಸಿದ ಆ ಬಣ್ಣ ಯಾರೋ ಕೈಯಾರೆ ಹಚ್ಚಿದ್ದು. ಅಕ್ರಿಲಿಕ್ ಪೊರೆ ಕೂತರೆ ಹಳೆಯದು ವಾಪಸ್ ಸಿಗಲ್ಲ. ಹೊಸ ಗೊಂಬೆ ತಗೊಳ್ಳಿ. ಕುಂಚ ಹಿಡಿಯೋ ಮೊದಲು ಮನೆಯ ಬೀರುವಿನಿಂದ ಒಂದು ಕೆಂಪು ರೇಷ್ಮೆ ಸೀರೆ ತೆಗೆದು, ಕಿಟಕಿ ಹತ್ತಿರ ನೆರಿಗೆ ಹಿಡಿದು ಹತ್ತು ನಿಮಿಷ ನೋಡಿ. ಅದರಲ್ಲಿ ಎಷ್ಟು ಥರದ ಕೆಂಪಿದೆ ಅಂತ ಎಣಿಸಿ, ಆಮೇಲೆ ಡಬ್ಬಿ ತೆರೀರಿ.