ಇಥಿಯೋಪಿಯಾದ ಮನೆಯೂಟ, ಮೂರು ಸುತ್ತಿನ ಕಾಫಿ

ಇಥಿಯೋಪಿಯಾದಲ್ಲಿ ಸ್ನೇಹಿತರ ಮನೆಗೆ ಹೋಗುವುದೆಂದರೆ ಅರ್ಧ ದಿನವನ್ನು ಅವರಿಗೆ ಕೊಟ್ಟಂತೆಯೇ. ಬಾಗಿಲಲ್ಲೇ ನಿಂತು ಮಾತಾಡಿಸಿ ಬರುವ ಅಥವಾ ಏನೋ ಒಂದು ಲೋಟ ಕುಡಿದು ಎದ್ದುಬಿಡುವ ಭೇಟಿಯನ್ನು ಅಲ್ಲಿನವರು ಭೇಟಿಯೆಂದು ಲೆಕ್ಕಕ್ಕೆ ಇಡುವುದು ಕಡಿಮೆ. ರಾಜಧಾನಿ ಆಡಿಸ್ ಅಬಾಬಾದ ಅಪಾರ್ಟ್‌ಮೆಂಟುಗಳಲ್ಲೂ ಊಟ, ಕಾಫಿ, ಮಾತು ಮುಗಿಯದೆ ಅತಿಥಿಯನ್ನು ಬಿಡುವುದಿಲ್ಲ. ಭಾರತದಿಂದ ಹೋದವರಿಗಂತೂ ಈ ಬಾಗಿಲುಗಳು ಸಲೀಸಾಗಿ ತೆರೆಯುತ್ತವೆ. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಿಂದ ಅನೇಕ ಭಾರತೀಯ ಶಿಕ್ಷಕರು ಅಲ್ಲಿನ ಊರೂರ ಶಾಲೆಗಳಲ್ಲಿ ಪಾಠ ಹೇಳಿದ್ದಾರೆ. ಹಿರಿಯ ತಲೆಮಾರಿನವರಲ್ಲಿ ತಮಗೆ ಗಣಿತವನ್ನೋ ವಿಜ್ಞಾನವನ್ನೋ ಕಲಿಸಿದ ಭಾರತೀಯ ಮೇಷ್ಟರನ್ನು ನೆನೆಸಿಕೊಳ್ಳುವವರು ಇಂದಿಗೂ ಸಿಗುತ್ತಾರೆ.

ಆಮಂತ್ರಣ ಬಂದ ಕೂಡಲೇ ಮೊದಲು ಸರಿಮಾಡಿಕೊಳ್ಳಬೇಕಾದದ್ದು ಸಮಯವನ್ನು. ಇಥಿಯೋಪಿಯಾದ ಗಡಿಯಾರದಲ್ಲಿ ಹಗಲಿನ ಎಣಿಕೆ ಶುರುವಾಗುವುದು ಸೂರ್ಯೋದಯದಿಂದ. ನಮಗೆ ಬೆಳಗ್ಗೆ ಏಳು ಗಂಟೆಯಾದಾಗ ಅವರಿಗೆ ಒಂದು ಗಂಟೆ. ಹಾಗಾಗಿ 'ಎಂಟು ಗಂಟೆಗೆ ಬನ್ನಿ' ಎಂದು ಕರೆದರೆ ಅದು ಮಧ್ಯಾಹ್ನ ಎರಡು ಗಂಟೆ ಇರಬಹುದು. ವಿದೇಶಿಯರೊಡನೆ ಮಾತಾಡುವಾಗ ಕೆಲವರು ತಾವೇ ಆರು ಗಂಟೆ ಕೂಡಿಸಿ ಹೇಳುತ್ತಾರೆ, ಕೆಲವರು ಹೇಳುವುದಿಲ್ಲ. ಆದ್ದರಿಂದ ಯಾವ ಲೆಕ್ಕದ ಗಂಟೆ ಎಂದು ಕೇಳಿಬಿಡುವುದೇ ವಾಸಿ, ಅದರಲ್ಲಿ ಸಂಕೋಚವೇನೂ ಇಲ್ಲ. ಪಂಚಾಂಗವೂ ಬೇರೆಯೇ. ಮೂವತ್ತು ದಿನಗಳ ಹನ್ನೆರಡು ತಿಂಗಳು, ಕೊನೆಗೆ ಐದು ಅಥವಾ ಆರು ದಿನಗಳ ಹದಿಮೂರನೆಯ ತಿಂಗಳು. ಇಸವಿ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ. ಆ ದೇಶ 2000ನೆಯ ಇಸವಿಯನ್ನು ಬರಮಾಡಿಕೊಂಡದ್ದು ನಮ್ಮ ಲೆಕ್ಕದ 2007ರ ಸೆಪ್ಟೆಂಬರ್ 12ರಂದು. ಹಬ್ಬಕ್ಕೆ ಕರೆದವರ ತಾರೀಖನ್ನೂ ಎರಡು ಸಲ ಖಚಿತಪಡಿಸಿಕೊಳ್ಳಬೇಕು. ಅಲ್ಲಿ ಹೊಸ ವರ್ಷ ಬರುವುದು ಸಾಮಾನ್ಯವಾಗಿ ಸೆಪ್ಟೆಂಬರ್ 11ಕ್ಕೆ, ಕೆಲವು ವರ್ಷ 12ಕ್ಕೆ; ಕ್ರಿಸ್‌ಮಸ್ ಜನವರಿ 7ಕ್ಕೆ.

ಮನೆಗೆ ಹೋದಾಗ ಕುಶಲ ಪ್ರಶ್ನೆಗಳಿಗೇ ಒಂದಷ್ಟು ಹೊತ್ತು ಬೇಕು. ಕೈ ಕುಲುಕುತ್ತಾ ಬಲಭುಜಕ್ಕೆ ಭುಜ ತಾಗಿಸುವುದು ಗೆಳೆಯರ ನಡುವಿನ ರೂಢಿ. ಆಪ್ತರಾದರೆ ಕೆನ್ನೆಗೆ ಕೆನ್ನೆ ತಾಗಿಸಿ ಮೂರು ಸಲವೋ ಹೆಚ್ಚೋ ಮುತ್ತಿಡುತ್ತಾರೆ. ಆರೋಗ್ಯ ಹೇಗೆ, ಮನೆಯವರು ಹೇಗೆ, ಕೆಲಸ ಹೇಗೆ ಎಂದು ಒಂದರ ಹಿಂದೊಂದು ಕೇಳುತ್ತಾರೆ. ಉತ್ತರ ಕೊಟ್ಟು ಸುಮ್ಮನಾಗದೆ ತಿರುಗಿ ಕೇಳಬೇಕು. ಹಿರಿಯರು ಕೋಣೆಗೆ ಬಂದರೆ ಕುಳಿತವರು ಏಳುತ್ತಾರೆ. ಹೆಸರಿನ ವಿಷಯದಲ್ಲಿ ಕನ್ನಡಿಗರಿಗೆ ಹೆಚ್ಚು ಕಷ್ಟವಿಲ್ಲ. ಇಥಿಯೋಪಿಯನ್ನರಿಗೆ ಮನೆತನದ ಹೆಸರು ಇರುವುದಿಲ್ಲ, ತಮ್ಮ ಹೆಸರಿನ ಮುಂದೆ ಬರುವುದು ತಂದೆಯ ಹೆಸರು. ಮದುವೆಯಾದ ಮೇಲೂ ಹೆಣ್ಣುಮಕ್ಕಳು ಅದನ್ನು ಬದಲಿಸುವುದಿಲ್ಲ. ಆದ್ದರಿಂದ ಗೌರವಕ್ಕಾಗಿ ಎರಡನೆಯ ಹೆಸರು ಹಿಡಿದು ಕರೆದರೆ ತಂದೆಯನ್ನು ಕರೆದಂತಾಗುತ್ತದೆ. ಮೊದಲ ಹೆಸರಿಗೇ ಗಂಡಸರಿಗೆ 'ಅತೊ', ವಿವಾಹಿತ ಹೆಂಗಸರಿಗೆ 'ವೆಯ್ಜೆರೊ' ಸೇರಿಸಿ ಕರೆಯುವುದು ಕ್ರಮ. ಬರಿಗೈಯಲ್ಲಿ ಹೋಗಬಾರದು ಎಂಬ ರೀತಿ ಅಲ್ಲೂ ಇದೆ. ಹಣ್ಣು, ಸಕ್ಕರೆ, ಕಾಫಿ ಬೀಜ, ಮಕ್ಕಳಿದ್ದರೆ ಸಿಹಿ ತಿಂಡಿ ಸಾಕು.

ಊಟಕ್ಕೆ ಮೊದಲು ಮನೆಯವರಲ್ಲಿ ಕಿರಿಯರೊಬ್ಬರು ಹೂಜಿ ಮತ್ತು ಬೋಗುಣಿ ಹಿಡಿದು ಬಂದು ಕುಳಿತಲ್ಲೇ ಎಲ್ಲರ ಕೈಗೆ ನೀರು ಹಾಕುತ್ತಾರೆ. ಹಬ್ಬ ಹರಿದಿನಗಳಲ್ಲಿ ಬಣ್ಣದ ಹುಲ್ಲಿನಿಂದ ಹೆಣೆದ, ಗುಮ್ಮಟದಂಥ ಮುಚ್ಚಳದ 'ಮೆಸೋಬ್' ಎಂಬ ಎತ್ತರದ ಬುಟ್ಟಿಯೇ ಊಟದ ಮೇಜು. ಉಳಿದ ದಿನ ದೊಡ್ಡ ತಟ್ಟೆಯೊಂದು ಸಾಕು. ಎಲ್ಲರಿಗೂ ಸೇರಿ ಒಂದೇ ತಟ್ಟೆ. ಅದರ ತುಂಬ ಹಾಸಿರುವುದು 'ಇಂಜೆರಾ'. ತೆಫ್ ಎಂಬ, ಗಸಗಸೆಯಷ್ಟು ಸಣ್ಣ ಧಾನ್ಯದ ಹಿಟ್ಟನ್ನು ಎರಡು ಮೂರು ದಿನ ಹುಳಿ ಬರಿಸಿ, ಅಗಲವಾದ ಹೆಂಚಿನ ಮೇಲೆ ಅಂಚಿನಿಂದ ನಡುವಿಗೆ ಸುತ್ತುತ್ತಾ ಹೊಯ್ದು, ಮುಚ್ಚಿ, ಒಂದೇ ಮಗ್ಗುಲು ಬೇಯಿಸುತ್ತಾರೆ. ಮೇಲ್ಮೈ ಸೆಟ್ ದೋಸೆಯಂತೆ ತೂತುತೂತು, ಆದರೆ ಹುಳಿ ಅದಕ್ಕಿಂತ ಜೋರು. ಅದರ ಮೇಲೆ ಅಲ್ಲಲ್ಲಿ ಗುಡ್ಡೆಯಾಗಿ ಬಡಿಸುವ ಗಟ್ಟಿ ಸಾರುಗಳಿಗೆ 'ವೊಟ್' ಎಂದು ಹೆಸರು. ಕಡಲೆ ಹಿಟ್ಟಿನ 'ಶಿರೊ', ಚನ್ನಂಗಿ ಬೇಳೆಯ 'ಮಿಸಿರ್ ವೊಟ್', ಹಬ್ಬಕ್ಕೆ ಕೋಳಿಯ 'ದೊರೊ ವೊಟ್'. ಕೋಳಿ ಸಾರಿಗೆ ರಾಶಿ ಈರುಳ್ಳಿಯನ್ನು ಎಣ್ಣೆ ಬೆಣ್ಣೆ ಸೋಕಿಸದೆ ಸಣ್ಣ ಉರಿಯಲ್ಲಿ ಬಹಳ ಹೊತ್ತು ಬಾಡಿಸಿ, ಆಮೇಲೆ 'ಬೆರ್ಬೆರೆ' ಎಂಬ ಕೆಂಪು ಮಸಾಲೆ ಪುಡಿ, ಸಾಂಬಾರ ಹಾಕಿ ಕಾಯಿಸಿದ ಬೆಣ್ಣೆ ಸೇರಿಸುತ್ತಾರೆ. ಜೊತೆಗೆ ಇಡಿಯಾಗಿ ಬೇಯಿಸಿದ ಮೊಟ್ಟೆಗಳಿರುತ್ತವೆ.

ಬಲಗೈಯಲ್ಲಿ ಇಂಜೆರಾದ ಚೂರು ಹರಿದು, ಅದರಿಂದಲೇ ಸಾರನ್ನು ಬಾಚಿ ಹಿಡಿದು ಬಾಯಿಗಿಡಬೇಕು. ಬೆರಳು ನೆಕ್ಕುವುದು ಅಸಭ್ಯ. ತನ್ನ ಎದುರಿನ ಭಾಗವನ್ನಷ್ಟೇ ತಿನ್ನಬೇಕು, ತಟ್ಟೆಯ ಆಚೆ ಬದಿಗೆ ಕೈ ಚಾಚಬಾರದು. ಊಟ ನಡೆಯುವಾಗ ಯಾರೇ ಒಳಗೆ ಬಂದರೂ 'ಇನ್ನಿಬ್ಲಾ', ಬನ್ನಿ ಉಣ್ಣೋಣ ಎಂದು ಕರೆಯುವುದು ಬಿಡದ ಪದ್ಧತಿ.

ಇದರ ನಡುವೆ ಮನೆಯೊಡತಿ ಒಂದು ದೊಡ್ಡ ತುತ್ತು ಸುತ್ತಿ ಅತಿಥಿಯ ಬಾಯಿಯ ಬಳಿ ಹಿಡಿಯುತ್ತಾಳೆ. ಇದೇ 'ಗುರ್ಶಾ'. ತುತ್ತು ದೊಡ್ಡದಾದಷ್ಟೂ ಪ್ರೀತಿ ಹೆಚ್ಚು ಎಂಬ ಭಾವನೆ ಇರುವುದರಿಂದ ಬಾಯಿ ತುಂಬುವಷ್ಟೇ ಇರುತ್ತದೆ. ಒಂದು ತುತ್ತಿಗೆ ನಿಲ್ಲಿಸುವುದಿಲ್ಲ, ಎರಡನೆಯದೂ ಬರುತ್ತದೆ. ಎಂಜಲು ಮುಸುರೆಯ ಎಚ್ಚರದಲ್ಲಿ ಬೆಳೆದ ಕನ್ನಡಿಗರಿಗೆ ಇಡೀ ಭೇಟಿಯಲ್ಲಿ ಕಷ್ಟವಾಗುವುದು ಇದೊಂದೇ. ನಮ್ಮಲ್ಲಿ ಮಕ್ಕಳಿಗೆ ಕೈತುತ್ತು, ಮದುವೆಯಲ್ಲಿ ವಧೂವರರು ಪರಸ್ಪರ ತಿನ್ನಿಸುವುದು ಇದೆ. ದೊಡ್ಡವರಾದ ಹೊರಗಿನವರಿಗೆ, ಅದೂ ಎಲ್ಲರೂ ಕೈಯಿಟ್ಟ ತಟ್ಟೆಯಿಂದ ತಿನ್ನಿಸುವುದು ಇಲ್ಲ. ಆದರೆ ಇಥಿಯೋಪಿಯಾದಲ್ಲಿ ಗುರ್ಶಾಗೆ ಬಾಯಿ ತೆರೆಯದಿದ್ದರೆ ಕೊಟ್ಟವರನ್ನೇ ದೂರ ಮಾಡಿದಂತೆ. ಮೊದಲ ತುತ್ತನ್ನು ಮನಸ್ಸು ಗಟ್ಟಿ ಮಾಡಿಕೊಂಡಾದರೂ ತೆಗೆದುಕೊಳ್ಳುವುದು ಒಳ್ಳೆಯದು. ಬೆರಳು ತುಟಿಗೆ ತಾಗದಂತೆ ಬಾಯಲ್ಲಿಡುವ ಅಭ್ಯಾಸ ಅವರಿಗಿದೆ. ಅತಿಥಿ ತಿರುಗಿ ಒಂದು ತುತ್ತು ಸುತ್ತಿ ಮನೆಯ ಹಿರಿಯರಿಗೆ ಕೊಟ್ಟನೆಂದರೆ ಆ ಮನೆಯ ಸಂತೋಷ ಹೇಳತೀರದು.

ಸಸ್ಯಾಹಾರಿಗಳು ಆತಂಕಪಡಬೇಕಾಗಿಲ್ಲ. 2007ರ ಜನಗಣತಿಯಂತೆ ಇಥಿಯೋಪಿಯಾದ ಜನರಲ್ಲಿ ಶೇ 43ರಷ್ಟು ಆರ್ಥೊಡಾಕ್ಸ್ ಕ್ರೈಸ್ತರು. ಬುಧವಾರ, ಶುಕ್ರವಾರ, ಈಸ್ಟರ್‌ಗೆ ಮುಂಚಿನ 55 ದಿನ, ಇನ್ನೂ ಹಲವು ವ್ರತಗಳೆಲ್ಲ ಸೇರಿ ವರ್ಷದಲ್ಲಿ ಸುಮಾರು ಅರ್ಧದಷ್ಟು ದಿನ ಅವರು ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದನ್ನೂ ಮುಟ್ಟುವುದಿಲ್ಲ. ಆ ದಿನಗಳ ಊಟ ಅಪ್ಪಟ ಸಸ್ಯಾಹಾರ. ಬೇಳೆ, ಸೊಪ್ಪು, ಎಲೆಕೋಸು, ಬೀಟ್‌ರೂಟ್ ಎಲ್ಲವನ್ನೂ ಒಂದೇ ಇಂಜೆರಾದ ಮೇಲೆ ಬಡಿಸುವ 'ಬೆಯಾಯ್ನೆತು' ಆಗ ಹೋಟೆಲುಗಳಲ್ಲೂ ಸಿಗುತ್ತದೆ. ಈಸ್ಟರ್ ನಂತರದ 50 ದಿನ ಮಾತ್ರ ಬುಧವಾರ ಶುಕ್ರವಾರದ ವ್ರತ ಇರುವುದಿಲ್ಲ. ಜನಸಂಖ್ಯೆಯಲ್ಲಿ ಶೇ 34ರಷ್ಟಿರುವ ಮುಸ್ಲಿಮರೂ ಕ್ರೈಸ್ತರೂ ಒಬ್ಬರ ಮನೆಗೊಬ್ಬರು ಧಾರಾಳವಾಗಿ ಹೋಗಿಬರುತ್ತಾರೆ, ಆದರೆ ಪರಸ್ಪರರು ಕೊಯ್ದ ಮಾಂಸ ತಿನ್ನುವುದಿಲ್ಲ. ಊಟದಲ್ಲಿ ನಿಯಮವಿರುವ ಅತಿಥಿ ಅವರಿಗೆ ಹೊಸಬನಲ್ಲ. ಮುಂಚೆಯೇ ತಿಳಿಸಿದರೆ ಯಾರೂ ಬೇಸರಪಡುವುದಿಲ್ಲ. ಮಾಂಸಾಹಾರಿಗಳಿಗೊಂದು ಎಚ್ಚರಿಕೆಯ ಮಾತು: ಕೊಚ್ಚಿದ ಹಸಿ ಮಾಂಸಕ್ಕೆ ಬೆಣ್ಣೆ, ಖಾರ ಬೆರೆಸಿದ 'ಕಿತ್ಫೊ' ಅಲ್ಲಿ ಗೌರವದ ಅಡುಗೆ. ಹಸಿ ಮಾಂಸದಿಂದ ಲಾಡಿಹುಳುವಿನ ತೊಂದರೆ ಬರಬಹುದಾದ್ದರಿಂದ ಬೇಯಿಸಿ ಕೊಡಿ ಎಂದು ಕೇಳಬಹುದು, ಹಾಗೆ ಕೇಳಿ ತಿನ್ನುವ ಇಥಿಯೋಪಿಯನ್ನರೇ ಇದ್ದಾರೆ.

ಊಟದ ನಂತರ ಕಾಫಿ. ಅರೇಬಿಕಾ ಗಿಡದ ತವರು ನೈರುತ್ಯ ಇಥಿಯೋಪಿಯಾದ ಕಾಡುಗಳು. ಅಲ್ಲಿಂದ ಕೆಂಪು ಸಮುದ್ರ ದಾಟಿ ಯೆಮನ್‌ಗೆ ಹೋದ ಬೀಜವೇ 17ನೆಯ ಶತಮಾನದಲ್ಲಿ ಬಾಬಾ ಬುಡನ್ ಅವರ ಮೂಲಕ ಚಿಕ್ಕಮಗಳೂರಿನ ಗಿರಿಗೆ ಬಂತೆಂದು ಪ್ರತೀತಿ. ಹೀಗಾಗಿ ಮಲೆನಾಡಿನವರಿಗೂ ಕೊಡಗಿನವರಿಗೂ ಇದು ತಮ್ಮ ತೋಟದ ಹಿರಿಯರ ಮನೆಗೆ ಹೋದಂತೆಯೇ ಸರಿ. ಇಥಿಯೋಪಿಯಾ ಬೆಳೆಯುವ ಕಾಫಿಯಲ್ಲಿ ಸುಮಾರು ಅರ್ಧದಷ್ಟನ್ನು ಅಲ್ಲಿನವರೇ ಕುಡಿಯುತ್ತಾರೆ.

ನೆಲಕ್ಕೆ ಹಸಿ ಹುಲ್ಲು ಹರಡಿ, ಕೆಂಡಕ್ಕೆ ಲೋಬಾನ ಹಾಕಿ, ಅಂಚಿಗೆ ಬಣ್ಣದ ನೇಯ್ಗೆಯಿರುವ ಬಿಳಿ ಹತ್ತಿಯ ನಿಲುವಂಗಿ ತೊಟ್ಟ ಹೆಣ್ಣುಮಗಳು ತಗ್ಗಿನ ಮಣೆಯ ಮೇಲೆ ಕುಳಿತುಕೊಳ್ಳುತ್ತಾಳೆ. ಹಸಿರು ಬೀಜ ತೊಳೆದು, ಇದ್ದಿಲ ಒಲೆಯ ಮೇಲೆ ಚಪ್ಪಟೆ ಬಾಣಲೆಯಲ್ಲಿ ಹುರಿಯುತ್ತಾಳೆ. ಬೀಜ ಚಟಪಟ ಸಿಡಿದು ಕಪ್ಪಾಗಿ ಎಣ್ಣೆ ಬಿಡುವಾಗ ಬಾಣಲೆಯನ್ನು ಕೈಯಲ್ಲಿ ಹಿಡಿದು ಒಬ್ಬೊಬ್ಬರ ಮುಂದೆಯೂ ತರುತ್ತಾಳೆ. ಅತಿಥಿಗಳು ಅಂಗೈಯಿಂದ ಹೊಗೆಯನ್ನು ತಮ್ಮತ್ತ ಬೀಸಿಕೊಂಡು ಪರಿಮಳ ಎಳೆದು, ಚೆನ್ನಾಗಿದೆ ಎನ್ನಬೇಕು. ಆಮೇಲೆ ಒರಳಲ್ಲಿ ಕುಟ್ಟಿ, ಉದ್ದ ಕತ್ತಿನ 'ಜೆಬೆನಾ' ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ, ಗಸಿ ತಳಕ್ಕಿಳಿದ ಮೇಲೆ ಒಂದಡಿ ಮೇಲಿನಿಂದ ಸಣ್ಣ ಧಾರೆಯಾಗಿ ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಹೊಯ್ಯುತ್ತಾಳೆ. ಧಾರೆ ಕಡಿಯದಂತೆ ಸಾಲಾಗಿ ಬಟ್ಟಲು ತುಂಬುವುದರಲ್ಲಿ ಆಕೆಯ ಕೈಚಳಕ ಕಾಣುತ್ತದೆ. ಹಾಲಿಲ್ಲ, ಸಕ್ಕರೆ ಧಾರಾಳ, ಹಳ್ಳಿಗಳಲ್ಲಿ ಉಪ್ಪೂ ಬೆಣ್ಣೆಯೂ ಉಂಟು. ಜೊತೆಗೆ ಪಾಪ್‌ಕಾರ್ನ್ ಅಥವಾ ಹುರಿದ ಬಾರ್ಲಿ.

ಮೊದಲ ಬಟ್ಟಲು ಹಿರಿಯರಿಗೆ. ಮೊದಲ ಸುತ್ತು 'ಅಬೋಲ್', ಅದೇ ಗಸಿಗೆ ಮತ್ತೆ ನೀರು ಹಾಕಿ ಕುದಿಸಿದ ಎರಡನೆಯದು 'ತೋನಾ', ಮೂರನೆಯದು 'ಬರಕಾ'. ಮೂರನೆಯದು ತೆಳುವಾಗಿರುತ್ತದೆ, ಆದರೆ ಆಶೀರ್ವಾದ ಇರುವುದು ಅದರಲ್ಲೇ ಎಂಬ ನಂಬಿಕೆ. ಅದಕ್ಕೆ ಮುಂಚೆ ಏಳುವುದು ಸಲ್ಲದು. ಸುತ್ತುಗಳ ನಡುವಿನ ಬಿಡುವಿನಲ್ಲಿ ನೆರೆಹೊರೆಯವರು ಬಂದು ಸೇರಿಕೊಳ್ಳುತ್ತಾರೆ. ಕೇರಿಯ ಸುದ್ದಿ, ಮಕ್ಕಳ ಮದುವೆ, ಮನಸ್ತಾಪದ ರಾಜಿ ಎಲ್ಲ ಈ ಹೊತ್ತಿನಲ್ಲೇ. ಇಷ್ಟು ಆಳವಾಗಿ ಬೇರೂರಿದ ಕಾಫಿಯನ್ನು ಒಂದು ಕಾಲದಲ್ಲಿ ಚರ್ಚು ಅನ್ಯರ ಪಾನೀಯವೆಂದು ದೂರವಿಟ್ಟಿತ್ತು. ಆ ಬಿಗಿ ಸಡಿಲವಾದದ್ದು 19ನೆಯ ಶತಮಾನದ ಕೊನೆಗೆ, ಎರಡನೆಯ ಮೆನಿಲಿಕ್ ಚಕ್ರವರ್ತಿಯ ಕಾಲದಲ್ಲಿ.

ಕೆಲವು ದಿನ ಉಳಿದುಕೊಂಡ ಅತಿಥಿಗೆ ಇನ್ನೆರಡು ಏರ್ಪಾಡುಗಳ ಪರಿಚಯವಾಗುತ್ತದೆ. 'ಇಕ್ಕುಬ್' ಎಂದರೆ ನಮ್ಮ ಹೆಂಗಸರು ಹಾಕುವ ಚೀಟಿಯೇ. 'ಇದಿರ್' ಸಾವಿನ ಸಂದರ್ಭಕ್ಕೆಂದು ನೆರೆಯವರು ಕಟ್ಟಿಕೊಂಡ ಸಂಘ. ತಿಂಗಳ ವಂತಿಗೆಯಿಂದ ಶಾಮಿಯಾನ, ಕುರ್ಚಿ, ದೊಡ್ಡ ಪಾತ್ರೆಗಳನ್ನು ಇಟ್ಟುಕೊಂಡಿರುತ್ತದೆ. ಸಾವಾದ ಮನೆಯವರು ಯಾವುದಕ್ಕೂ ಓಡಾಡಬೇಕಾಗಿಲ್ಲ. ಅತಿಥಿ ಇರುವಾಗ ಇಂಥದ್ದು ನಡೆದರೆ ಸ್ನೇಹಿತರ ಜೊತೆ ಹೋಗಿ ಶಾಮಿಯಾನದಡಿ ಕೆಲಹೊತ್ತು ಸುಮ್ಮನೆ ಕುಳಿತು ಬರುವುದು ಮರ್ಯಾದೆ. ಭಾಷೆ ಬಾರದಿದ್ದರೂ ನಡೆಯುತ್ತದೆ.

ಹೊರಡುವಾಗ ಮನೆಯವರು ರಸ್ತೆಯವರೆಗೆ ಬಂದು ಕಳಿಸುತ್ತಾರೆ, ಬೇಡವೆಂದರೂ ಕೇಳುವುದಿಲ್ಲ. ಇಥಿಯೋಪಿಯಾಕ್ಕೆ ಹೋಗುವವರು ಸ್ನೇಹಿತರ ಮನೆಗೆಂದು ಗೊತ್ತು ಮಾಡಿದ ದಿನ ಮ್ಯೂಸಿಯಂ, ಮಾರುಕಟ್ಟೆ, ವಿಮಾನ ಯಾವುದನ್ನೂ ಇಟ್ಟುಕೊಳ್ಳದೆ, ಹಸಿದ ಹೊಟ್ಟೆಯಲ್ಲಿ ಹೋಗಲಿ.