ಹೆಣ್ಣಾಗುವ ಹಂಬಲಕ್ಕೆ ವಯಸ್ಸಿನ ಗಡಿ

ಹೆಂಗಸರು ರಂಗವೇರುವುದು ಮರ್ಯಾದೆಗೆ ಕುಂದು ಎಂದು ಸಮಾಜ ನಂಬಿದ್ದ ಕಾಲದಲ್ಲಿ ನಾಟಕ ಕಂಪನಿಗಳು ನಾಯಕಿಯ ಪಾತ್ರಕ್ಕೆ ಹುಡುಗರನ್ನು ಹುಡುಕುತ್ತಿದ್ದವು. ಎಳೆಯ ಮುಖ, ಒಡೆಯದ ದನಿ, ಬಳುಕುವ ಮೈ ಇದ್ದ ಹುಡುಗನಿಗೆ ಬೇಡಿಕೆ. ಗಂಡಾಗಿ ಹುಟ್ಟಿದವರು ನಾಲ್ಕು ಜನರೆದುರು ಹೆಣ್ಣಾಗಿ ನಿಲ್ಲಲು ಸಮಾಜ ಕೊಟ್ಟ ಪರವಾನಗಿ ಅದು. ಆದರೆ ಅದಕ್ಕೊಂದು ಅವಧಿ ಇತ್ತು. ಮುಖ ಬಲಿತು ನಡು ದಪ್ಪವಾದ ಮೇಲೆ ಸೀರೆಯನ್ನು ಮಡಿಸಿಡಬೇಕು. ಮನಸ್ಸು ಅದಕ್ಕೆ ಒಪ್ಪದಿದ್ದರೆ? ಕಳೆದ ಶತಮಾನದ ಕೆಲವು ಕಲಾವಿದರ ಬದುಕಿನಲ್ಲಿ ಈ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳಿವೆ.

ಗುಜರಾತಿನ ವಿಸನಗರದ ಜಯಶಂಕರ ಭೋಜಕರು (1889–1975) ಮುಂಬಯಿಯ ಗುಜರಾತಿ ರಂಗಭೂಮಿಯಲ್ಲಿ 'ಸೌಭಾಗ್ಯ ಸುಂದರಿ' ನಾಟಕದ ನಾಯಕಿಯಾದದ್ದು 1901ರಲ್ಲಿ, ಸುಮಾರು 12ರ ಪ್ರಾಯದಲ್ಲಿ. ಪಾತ್ರದ ಹೆಸರೇ ಅಂಟಿಕೊಂಡು ಕೊನೆಯವರೆಗೂ ಅವರು 'ಜಯಶಂಕರ ಸುಂದರಿ'ಯಾಗಿ ಉಳಿದರು. ಮೊದಲ ಸಲ ಹೆಣ್ಣಿನ ಉಡುಪು ತೊಟ್ಟಾಗ ತನ್ನೊಳಗಿನಿಂದಲೇ ಒಬ್ಬ ತರುಣಿ ಹೊರಬಂದಂತೆ ಅನಿಸಿತು ಎಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಎಳವೆಯಲ್ಲಿ ಹಂಬಲಕ್ಕೂ ದೇಹಕ್ಕೂ ಜಗಳವಿರಲಿಲ್ಲ. ಮನಸ್ಸು ಬಯಸಿದ್ದನ್ನು ಮೈ ತಡೆಯಿಲ್ಲದೆ ಕೊಡುತ್ತಿತ್ತು.

ಹದಿಹರೆಯ ಈ ಒಪ್ಪಂದವನ್ನು ಮುರಿಯುತ್ತದೆ. ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಏರಿದಂತೆ ಧ್ವನಿಪೆಟ್ಟಿಗೆ ದೊಡ್ಡದಾಗಿ ದನಿ ಒಡೆಯುತ್ತದೆ, ಭುಜ ಅಗಲವಾಗುತ್ತದೆ, ಗಡ್ಡ ಮೂಡುತ್ತದೆ. ಇವುಗಳಲ್ಲಿ ಹೆಚ್ಚಿನವು ಒಮ್ಮೆ ಆದರೆ ಮರಳವು. ಇಂದಿನ ಹಾರ್ಮೋನು ಚಿಕಿತ್ಸೆ ಚರ್ಮವನ್ನು ಮೃದುಗೊಳಿಸಬಹುದು, ಕೊಬ್ಬು ಸೇರುವ ಜಾಗವನ್ನು ಬದಲಿಸಬಹುದು, ಸ್ತನ ಬೆಳೆಸಬಹುದು. ಒಡೆದ ದನಿಯನ್ನೂ ಬೆಳೆದ ಮೂಳೆಯನ್ನೂ ಹಿಂದಕ್ಕೆ ತರಲಾರದು. ಹಳೆಯ ನಟರಿಗಂತೂ ಆ ನೆರವೂ ಇರಲಿಲ್ಲ. ಅವರ ಬಳಿ ಇದ್ದದ್ದು ಕ್ಷೌರದ ಕತ್ತಿ, ಬಣ್ಣ ಮತ್ತು ಸಾಧನೆ.

ಎಲ್ಲ ಕಲೆಗಳೂ ದೇಹವನ್ನು ಒಂದೇ ರೀತಿ ಪರೀಕ್ಷಿಸುವುದಿಲ್ಲ. ಯಕ್ಷಗಾನದಲ್ಲಿ ಹಾಡುವವರು ಭಾಗವತರು, ಸ್ತ್ರೀವೇಷಧಾರಿ ಹಾಡಬೇಕಿಲ್ಲ. ಹೀಗಾಗಿ ಒಡೆದ ದನಿ ಅಷ್ಟಾಗಿ ಅಡ್ಡಿಯಾಗದು. ಕೋಳ್ಯೂರು ರಾಮಚಂದ್ರ ರಾವ್ ಅವರಂಥವರು ನಡುವಯಸ್ಸು ದಾಟಿದ ಮೇಲೂ ಗರತಿ ಪಾತ್ರಗಳಲ್ಲಿ ಮೆರೆಯಲು ಇದೂ ಒಂದು ಕಾರಣ. ಮರಾಠಿ ಸಂಗೀತ ನಾಟಕದಲ್ಲಾದರೋ ನಟನೇ ಹಾಡಬೇಕು, ನಟನೇ ಮೋಹಿಸಬೇಕು.

ಆ ಮೋಹದ ಶಿಖರ ಬಾಲಗಂಧರ್ವ, ಅಂದರೆ ನಾರಾಯಣ ಶ್ರೀಪಾದ ರಾಜಹಂಸ (1888–1967). ಅವರು ಉಟ್ಟ ಸೀರೆ, ಮುಡಿದ ಹೂವು, ಇಟ್ಟ ಮೂಗುತಿ ಮಹಾರಾಷ್ಟ್ರದ ಮನೆಮನೆಯ ಹೆಂಗಸರಿಗೆ ಮಾದರಿಯಾದವು. 1935ರ 'ಧರ್ಮಾತ್ಮಾ' ಚಿತ್ರದಲ್ಲಿ ಅವರು ಸಂತ ಏಕನಾಥರಾದರು. ವಯಸ್ಸಿಗೆ ತಕ್ಕ ಗಂಡುಪಾತ್ರ. ಎರಡೇ ವರ್ಷದಲ್ಲಿ, 50ರ ಹೊಸ್ತಿಲಲ್ಲಿ, ಮತ್ತೆ ಸೀರೆಯುಟ್ಟು 'ಸಾಧ್ವಿ ಮೀರಾಬಾಯಿ' ಆದರು. ದೂರದ ರಂಗದ ದೀಪದಲ್ಲಿ ಮರೆಯಾಗುವ ವಯಸ್ಸು ಹತ್ತಿರದ ಕ್ಯಾಮೆರಾಕ್ಕೆ ಮರೆಯಾಗದು. ಮುಂದೆ ಅವರ ಕಂಪನಿಯ ನಾಯಕಿ ಪಾತ್ರಗಳಿಗೆ ವಿಜಾಪುರ ಸೀಮೆಯ ಗೋಹರಬಾಯಿ ಕರ್ನಾಟಕಿ ಬಂದರು. ಆದರೂ ಮುಪ್ಪಿನಲ್ಲಿಯೂ ಬಾಲಗಂಧರ್ವರು ಸೀರೆಯನ್ನು ಪೂರ್ತಿ ಬಿಡಲಿಲ್ಲ. ಅಭಿಮಾನಿಗಳೂ ಅವರನ್ನು ಬಿಡಲಿಲ್ಲ. ಅದು ಕಲೆಯ ವ್ಯಾಮೋಹವೋ, ಹೊಟ್ಟೆಪಾಡೋ, ಒಳಗಿನ ಹಂಬಲವೋ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಸರಿಯಾಗದು.

ಜಯಶಂಕರರ ಹಾದಿ ಬೇರೆ. 1932ರಲ್ಲಿ ವೃತ್ತಿರಂಗ ಬಿಟ್ಟು ಊರಿಗೆ ಮರಳಿದ ಅವರು ವರ್ಷಗಳ ನಂತರ ನಿರ್ದೇಶಕರಾಗಿ ಬಂದರು. 1953ರ 'ಮೇನಾ ಗುರ್ಜರಿ'ಯಲ್ಲಿ ನಾಯಕಿಯಾದವರು ದೀನಾ ಗಾಂಧಿ, ಮುಂದೆ ಹಿಂದಿ ಚಿತ್ರಗಳಲ್ಲಿ ಹೆಸರಾದ ದೀನಾ ಪಾಠಕ್. ದಶಕಗಳ ಕಾಲ ತಾವು ಹೆಣ್ಣಾಗಿ ಗಳಿಸಿದ ಅನುಭವವನ್ನು ಹೆಣ್ಣುಮಗಳ ಅಭಿನಯವನ್ನು ತಿದ್ದಲು ಬಳಸಿದರು.

ಬಂಗಾಳದ ಚಪಲ್ ಭಾದುರಿ ಅವರಿಗೆ ಅಂಥ ಅದೃಷ್ಟ ತಕ್ಷಣ ಒದಗಲಿಲ್ಲ. 1938ರಲ್ಲಿ ಹುಟ್ಟಿದ ಅವರು 1950ರ ದಶಕದಲ್ಲಿ ಜಾತ್ರಾ ನಾಟಕಗಳ 'ಚಪಲ್ ರಾಣಿ'ಯಾದರು. ನಟಿಯರು ಜಾತ್ರಾಕ್ಕೆ ಬಂದಂತೆ, ಯೌವನ ಜಾರಿದಂತೆ, ರಾಣಿಯ ಕಿರೀಟ ಹೋಯಿತು, ಬಡತನ ಉಳಿಯಿತು. ತನ್ನೊಳಗಿನ ಹೆಣ್ತನವನ್ನು ಮುಚ್ಚಿಡದ ಅವರಿಗೆ ನಂತರದ ವರ್ಷಗಳಲ್ಲಿ ಆಸರೆಯಾದದ್ದು ಸಿಡುಬಿನ ದೇವತೆ ಶೀತಲೆಯ ಪಾತ್ರ. ನಾಯಕಿಗೆ ಪ್ರಾಯ ಬೇಕು. ದೇವಿಗೆ ಅದರ ಹಂಗಿಲ್ಲ.

ಕರ್ನಾಟಕದ ಜೋಗತಿ ಪರಂಪರೆಯಲ್ಲಿ ಈ ಮಾತು ಇನ್ನೂ ನಿಚ್ಚಳ. ಇಲ್ಲಿ ಉಡುವ ಸೀರೆ ಆಟ ಮುಗಿದ ಮೇಲೆ ಕಳಚಿಡುವ ವೇಷವಲ್ಲ. ಬಳ್ಳಾರಿ ಜಿಲ್ಲೆಯಲ್ಲಿ ಹುಡುಗನಾಗಿ ಬೆಳೆದ ಮಂಜಮ್ಮ ಜೋಗತಿ ಹದಿಹರೆಯದಲ್ಲೇ ತಮ್ಮ ಹೆಣ್ತನವನ್ನು ಗುರುತಿಸಿಕೊಂಡರು. ಹುಲಿಗೆಮ್ಮನ ಸನ್ನಿಧಿಯಲ್ಲಿ ದೀಕ್ಷೆಯಾಯಿತು. ಮನೆ ದೂರವಾಯಿತು, ಭಿಕ್ಷೆಯೂ ಬೇಡಬೇಕಾಯಿತು. ಕಾಳವ್ವ ಜೋಗತಿಯವರ ತಂಡದಲ್ಲಿ ಕುಣಿದು ಬೆಳೆದ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಬಂತು. 60 ದಾಟಿದ ಅವರನ್ನು ಜನ ಕರೆದದ್ದು ಅಮ್ಮ ಎಂದು. ಯೌವನ ಹೋದರೂ ಹೆಣ್ತನ ಹೋಗಲಿಲ್ಲ.

ರಂಗಭೂಮಿ ಗಂಡಿನ ಮೈಯಲ್ಲಿ ಬಯಸಿದ್ದು ಹೆಚ್ಚಾಗಿ ಹದಿನಾರರ ಚೆಲುವೆಯನ್ನು. ಆ ಚೆಲುವೆಗೆ ಮುಪ್ಪು ಬರಬಾರದಿತ್ತು. ನಿಜವಾದ ಹೆಣ್ಣಿನ ಬದುಕಿನಲ್ಲಿ ಮಗಳು, ಮಡದಿ, ತಾಯಿ, ಅಜ್ಜಿ ಎಲ್ಲರೂ ಇದ್ದಾರೆ. ಹೆಣ್ಣಾಗುವ ಹಂಬಲ ಹೊತ್ತವರಿಗೆ ಮುದಿತನ ಸೋಲಾಗಿ ಕಂಡಿದ್ದರೆ ಅದಕ್ಕೆ ದೇಹವೊಂದೇ ಕಾರಣವಲ್ಲ. ಹೆಣ್ಣೆಂದರೆ ಪ್ರಾಯ ಎಂದು ತಿಳಿದ ನೋಡುಗರ ಕಣ್ಣೂ ಕಾರಣ.